ದೆವ್ವದ ಮನೆಯಲ್ಲಿ ರಾತ್ರಿ ಕಳೆಯುವ ಮುಂಚೆ: ಹಗಲಲ್ಲೇ ಮುಗಿಸಬೇಕಾದ ಕೆಲಸ

ಹೊಸದಾಗಿ ದೆವ್ವ ಹುಡುಕಲು ಹೊರಟವರು ಕಳಿಸಿದ ಫೈಲುಗಳು ನನ್ನ ಹತ್ತಿರ ರಾಶಿ ಬಿದ್ದಿವೆ. ಹೆಚ್ಚಿನವು ಒಂದೇ ಥರ. ಕತ್ತಲೆ ಕೋಣೆ. ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಇಎಂಎಫ್ ಮೀಟರಿನ ದೀಪ ಮಿಣುಕ್ ಅಂತ ಹತ್ತುತ್ತದೆ. "ಏಯ್, ನೋಡಿದ್ಯಾ?" ಅಂತ ಯಾರೋ ಪಿಸುಗುಡುತ್ತಾರೆ. ವಿಡಿಯೋ ಮುಗಿಯಿತು. ಆ ಗೋಡೆಯ ಆಚೆ ಏನಿತ್ತು, ಅದೇ ಜಾಗದಲ್ಲಿ ಹಗಲು ಮೀಟರ್ ಎಷ್ಟು ತೋರಿಸುತ್ತಿತ್ತು, ಜೊತೆಗಿದ್ದವರ ಫೋನ್ ಆಫ್ ಇತ್ತಾ ಅಂತ ಕೇಳಿದರೆ ಉತ್ತರ ಇಲ್ಲ.

ಇವರಲ್ಲಿ ಧೈರ್ಯಕ್ಕೆ ಕೊರತೆ ಇಲ್ಲ, ಸಾಮಾನಿಗೂ ಇಲ್ಲ. ತಪ್ಪಿರುವುದು ಕ್ರಮ. ಮೊದಲು ರಾತ್ರಿ ಹೋಗುತ್ತಾರೆ, ಆಮೇಲೆ ಯೋಚನೆ ಮಾಡುತ್ತಾರೆ. ಈ ಮಾರ್ಗದರ್ಶಿಯಲ್ಲಿ ರಾತ್ರಿ ಬರುವುದು 5ನೇ ಹಂತದಲ್ಲಿ. ನೀವು ದೆವ್ವ ಇದೆ ಅಂತ ನಂಬುವವರಾಗಿರಲಿ, ನಂಬದವರಾಗಿರಲಿ, ಮಾಡಬೇಕಾದ ಕೆಲಸ ಮಾತ್ರ ಒಂದೇ.

ಉದಾಹರಣೆಗೆ ಒಂದು ಮನೆಯನ್ನು ಇಟ್ಟುಕೊಳ್ಳುತ್ತೇನೆ. ತೀರ್ಥಹಳ್ಳಿ ಕಡೆಯ ಹಳೆಯ ಹಂಚಿನ ಮನೆ. ಅಟ್ಟದ ಮೇಲೆ ರಾತ್ರಿ ಯಾರೋ ನಡೆಯುತ್ತಾರೆ ಅಂತ ದೂರು. ಅದರ ಜೊತೆಗೆ ಇನ್ನೊಂದು ವಿಚಿತ್ರವೂ ಇತ್ತು, ಅದು ಆಮೇಲೆ.

ಹಂತ 1: ಜಾಗ ಆರಿಸುವುದು, ಅನುಮತಿ ಪಡೆಯುವುದು

ಮೊದಲ ಜಾಗ ಪಾಳುಬಿದ್ದ ಬಂಗಲೆ ಆಗಬಾರದು. ಜನ ವಾಸವಿರುವ, ನಿಮಗೆ ಪರಿಚಯ ಇರುವವರ ಮನೆ ಆಗಬೇಕು. ಅಲ್ಲಿ ಕರೆಂಟ್ ಇರುತ್ತದೆ, ನೀರಿರುತ್ತದೆ. ಮುಖ್ಯವಾಗಿ, ಶಬ್ದ ಕೇಳಿದವರೇ ಎದುರಿಗೆ ಕೂತು ಮಾತಾಡುತ್ತಾರೆ. ಪಾಳು ಕಟ್ಟಡದಲ್ಲಿ ನಿಮಗೆ ಸಿಗುವುದು ಕಥೆಯ ಮೂರನೇ ಕೈ ನಕಲು, ಸಡಿಲ ತೊಲೆ ಮತ್ತು ಹಾವು.

ಹೋಗಲೇಬಾರದ ಜಾಗಗಳೂ ಇವೆ. ಪುರಾತತ್ವ ಇಲಾಖೆಯ ಹೆಚ್ಚಿನ ಸ್ಮಾರಕಗಳಿಗೆ ಸೂರ್ಯ ಮುಳುಗಿದ ಮೇಲೆ ಪ್ರವೇಶ ಇಲ್ಲ. ರಾಜಸ್ಥಾನದ ಭಾನ್‌ಗಡ್ ಕೋಟೆಯಲ್ಲಿ ಇದನ್ನೇ ಹೇಳುವ ಬೋರ್ಡನ್ನು ಜನ ದೆವ್ವಕ್ಕೆ ಸರ್ಕಾರವೇ ಕೊಟ್ಟ ಸರ್ಟಿಫಿಕೇಟ್ ಅನ್ನೋ ಹಾಗೆ ತೋರಿಸುತ್ತಾರೆ. ಆದರೆ ಸಂಜೆ ಬಾಗಿಲು ಹಾಕುವ ನಿಯಮ ನಮ್ಮೂರ ಸ್ಮಾರಕಗಳಿಗೂ ಇದೆ. ಮೀಸಲು ಅರಣ್ಯಕ್ಕೆ ರಾತ್ರಿ ನುಗ್ಗುವ ಮಾತೇ ಬೇಡ. ಸ್ಮಶಾನದ ವಿಷಯದಲ್ಲೂ ಹುಷಾರು. ಯಾರದಾದರೂ ಭಾವನೆಗೆ ನೋವಾಗುತ್ತದೆ ಅಂತ ಗೊತ್ತಿದ್ದೂ ಸಮಾಧಿ ಜಾಗಕ್ಕೆ ನುಗ್ಗಿದರೆ ಭಾರತೀಯ ನ್ಯಾಯ ಸಂಹಿತೆಯ 301ನೇ ಸೆಕ್ಷನ್ ಇದೆ. ಬೇರೆಯವರ ಜಾಗಕ್ಕೆ ಅತಿಕ್ರಮವಾಗಿ ಹೋದರೆ 329.

ಕರಾವಳಿಗೆ ಹೋಗುವ ಘಟ್ಟದ ಮೇಲಿನವರಿಗೆ ಒಂದು ಮಾತು. ಅಲ್ಲಿ ಭೂತ ಅಂದರೆ ದೈವ. ಭೂತಸ್ಥಾನ, ನಾಗಬನ ಇವೆಲ್ಲ ಪೂಜೆ ನಡೆಯುವ ಜಾಗಗಳು. ಅಲ್ಲಿಗೆ ಮೀಟರ್ ಹಿಡಿದು ಹೋಗುವುದು, ಗರ್ಭಗುಡಿಗೆ ಥರ್ಮಾಮೀಟರ್ ಹಿಡಿದು ಹೋದ ಹಾಗೆ. ಬೇಡ.

ಮನೆ ಸಿಕ್ಕಿತು ಅಂದುಕೊಳ್ಳಿ. ಮಾಲೀಕರಿಂದ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಎಷ್ಟು ಜನ. ಅದರ ಫೋಟೋ ಎಲ್ಲರ ಫೋನಿನಲ್ಲೂ ಇರಲಿ. ಅಕ್ಕಪಕ್ಕದ ಮನೆಯವರಿಗೆ, ಪಂಚಾಯ್ತಿ ಸದಸ್ಯರಿಗೆ, ಹತ್ತಿರದ ಪೊಲೀಸ್ ಠಾಣೆಗೆ ಮೊದಲೇ ಹೇಳಿಡಿ.

ಇದನ್ನು ಹೊಸಬರು ತಲೆನೋವು ಅಂದುಕೊಂಡು ಬಿಟ್ಟುಬಿಡುತ್ತಾರೆ. ನಮ್ಮ ಕಡೆ ರಾತ್ರಿ ಹಾಳು ಗುಡಿ, ಹಳೇ ಮನೆ ಸುತ್ತ ಟಾರ್ಚ್ ಹಿಡಿದು ಓಡಾಡುವವರನ್ನು ಊರವರು ಮೊದಲು ಅನುಮಾನಿಸುವುದೇ ನಿಧಿಗಳ್ಳರು ಅಂತ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಗುಂಪು ಹೊಡೆದು ಒಬ್ಬ ಯುವಕ ಸತ್ತೇ ಹೋದ. ಅಪರಿಚಿತರ ಕಾರು, ಕತ್ತಲು, ಕೈಯಲ್ಲಿ ವಿಚಿತ್ರ ಸಾಮಾನು. ಊರವರ ಕಣ್ಣಿಗೆ ನೀವು ಹೇಗೆ ಕಾಣುತ್ತೀರಿ ಅಂತ ಒಂದು ಸಲ ಯೋಚಿಸಿ.

ಹಂತ 2: ಕಥೆ ಕೇಳುವುದು

ಮನೆಯವರೆಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ಕಥೆ ಒಂದೇ ಆಗಿಬಿಡುತ್ತದೆ. ಜೋರು ದನಿಯವರು ಹೇಳಿದ್ದೇ ಎಲ್ಲರ ನೆನಪಾಗುತ್ತದೆ. ಒಬ್ಬೊಬ್ಬರನ್ನೇ ಕೇಳಿ, ಅವರದೇ ಮಾತಿನಲ್ಲಿ ಬರೆದುಕೊಳ್ಳಿ.

ಪ್ರಶ್ನೆಯೊಳಗೆ ಉತ್ತರ ಇರಬಾರದು. "ಹೆಂಗಸಿನ ದನಿನಾ?" ಅಂತ ಕೇಳಿದರೆ ಅರ್ಧ ಜನ ಹೌದು ಅಂತಾರೆ. "ಎಂಥ ಶಬ್ದ?" ಅಂತ ಕೇಳಿ, ಸುಮ್ಮನಿರಿ. ತೀರ್ಥಹಳ್ಳಿ ಮನೆಯ ಅಜ್ಜಿಯ ಹತ್ತಿರ ನಾನು ಕೇಳಿದ್ದು ಇಷ್ಟೇ: "ಅಜ್ಜಿ, ಶಬ್ದ ಎಲ್ಲಿಂದ ಬರುತ್ತೆ?"

"ಮೇಲಿಂದ ಕಣೋ. ಅಟ್ಟದ ಮೇಲೆ ಆ ಮೂಲೆಯಿಂದ ಈ ಮೂಲೆಗೆ. ಶಬ್ದ ಅಷ್ಟೇ ಅಲ್ಲ ಮಗಾ, ಗಂಧಸಾಲೆ ಅನ್ನದ ಪರಿಮಳ ಬರುತ್ತೆ. ನಮ್ಮತ್ತೆ ಮಾಡ್ತಿದ್ದ ಹಾಗೇ."

ಈ ಪರಿಮಳದ ಮಾತನ್ನು ಅವರ ಮಗ ಹೇಳಿರಲೇ ಇಲ್ಲ. ಅಮ್ಮನಿಗೆ ವಯಸ್ಸಾಯ್ತು ಅಂತ ಬಿಟ್ಟಿದ್ದರು. ಕೊನೆಗೆ ದಾರಿ ತೋರಿಸಿದ್ದು ಅದೇ. ಆದ್ದರಿಂದ ಮನೆಯವರು "ಅದೆಲ್ಲ ಬಿಡಿ" ಅಂದದ್ದನ್ನೂ ಬರೆದುಕೊಳ್ಳಿ.

ಕೇಳಲೇಬೇಕಾದವು: ಕೊನೆಯ ಸಲ ಯಾವಾಗ ಆಯಿತು? ಎಷ್ಟು ಹೊತ್ತಿಗೆ? ಆಗ ನೀವು ಎಲ್ಲಿದ್ದಿರಿ, ಮಲಗಿದ್ದಿರಾ, ಎದ್ದಿದ್ದಿರಾ? ಯಾವ ತಿಂಗಳಲ್ಲಿ ಜಾಸ್ತಿ? ಶುರುವಾಗುವ ಮುಂಚೆ ಮನೆಯಲ್ಲಿ ಏನಾದರೂ ಬದಲಾಯಿತಾ, ಹೊಸ ಮೋಟಾರ್, ಹೊಸ ವೈರಿಂಗ್, ಕಡಿದ ಮರ?

ಮಲಗಿದ್ದಾಗ ಎದೆ ಮೇಲೆ ಯಾರೋ ಕೂತ ಹಾಗಾಯಿತು, ಕೂಗಲು ಬಾಯಿ ಬರಲಿಲ್ಲ, ಕೈಕಾಲು ಆಡಲಿಲ್ಲ ಅಂತ ಯಾರಾದರೂ ಹೇಳಿದರೆ ಅದನ್ನು ಬೇರೆ ಪಟ್ಟಿಯಲ್ಲಿ ಬರೆಯಿರಿ. ಅದು ನಿದ್ದೆಯಲ್ಲಿ ಮೈ ಮರಗಟ್ಟುವ ಸ್ಥಿತಿ (ಸ್ಲೀಪ್ ಪ್ಯಾರಾಲಿಸಿಸ್). ಮೆದುಳು ಎಚ್ಚರಾಗಿರುತ್ತದೆ, ಮೈ ಇನ್ನೂ ನಿದ್ದೆಯ ಹಿಡಿತದಲ್ಲಿರುತ್ತದೆ. ನಿದ್ದೆ ಕೆಟ್ಟವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ಅದಕ್ಕೆ ಮನೆಯ ತನಿಖೆ ಬೇಕಿಲ್ಲ.

ಇನ್ನೊಂದು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಡಿ, ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈ ಮನೆಗೆ ದೆವ್ವದ ಮನೆ ಅಂತ ಹೆಸರು ಬಂದರೆ ಯಾರಿಗೆ ಲಾಭ? ಪಾಲಿನ ಜಗಳ, ಕಡಿಮೆ ಬೆಲೆಗೆ ಜಾಗ ಬೇಕಾದವರು, ಹಿತ್ತಲಲ್ಲಿ ಇಸ್ಪೀಟು ಆಡುವವರು. ಕಲ್ಲು ಬೀಳುವ ಕೇಸುಗಳಲ್ಲಿ ನಾನಂತೂ ಮೊದಲು ನೋಡುವುದು ಇದನ್ನೇ.

ಎಚ್ಚರಿಕೆ: ಇಲ್ಲಿಗೇ ನಿಲ್ಲಿಸಬೇಕಾದ ಸೂಚನೆಗಳು

ಮನೆಯವರೆಲ್ಲರಿಗೂ ತಲೆನೋವು, ವಾಕರಿಕೆ, ಮನೆಯಿಂದ ಹೊರಗೆ ಹೋದರೆ ಸರಿಯಾಗುತ್ತದೆ ಅಂದರೆ ದೆವ್ವ ಬಿಡಿ, ಕಿಟಕಿ ತೆಗೆಯಿರಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲ್ಮರ್ ಒಂದು ಕುಟುಂಬದ ಕಥೆ ಪ್ರಕಟಿಸಿದರು. ಹೆಜ್ಜೆ ಸದ್ದು, ಕಾಣದವರ ಇರವು, ಎಲ್ಲವೂ ಇತ್ತು. ಕಾರಣ, ಮನೆ ಬಿಸಿ ಮಾಡುವ ಒಲೆ ಕೆಟ್ಟಿತ್ತು. ನಮ್ಮಲ್ಲಿ ನೋಡಬೇಕಾದ್ದು ಬಚ್ಚಲುಮನೆಯ ಗ್ಯಾಸ್ ಗೀಸರ್, ಮುಚ್ಚಿದ ಕೋಣೆಯ ಇದ್ದಿಲ ಒಲೆ, ಜನರೇಟರ್.

ಒಬ್ಬರಿಗೆ ಮಾತ್ರ ಸದಾ ದನಿ ಕೇಳುತ್ತದೆ, ಊಟ ನಿದ್ದೆ ಬಿಟ್ಟಿದ್ದಾರೆ ಅಂದರೂ ನಿಮ್ಮ ಕೆಲಸ ಮುಗಿಯಿತು. ಟೆಲಿ ಮಾನಸ್ ಸಹಾಯವಾಣಿ 14416ರ ನಂಬರ್ ಕೊಡಿ, ವೈದ್ಯರ ಹತ್ತಿರ ಹೋಗಲು ಹೇಳಿ. ದೆವ್ವ ಬಿಡಿಸುತ್ತೇವೆ ಅಂತ ಯಾರಾದರೂ ಆ ವ್ಯಕ್ತಿಯನ್ನು ಹೊಡೆಯುತ್ತಿದ್ದರೆ, ಕಟ್ಟಿಹಾಕಿದ್ದರೆ ಅದು ಅಪರಾಧ. ಕರ್ನಾಟಕದಲ್ಲಿ ವಾಮಾಚಾರ ತಡೆಯಲು 2017ರ ಕಾಯ್ದೆಯೇ ಇದೆ. 112ಕ್ಕೆ ಫೋನ್ ಮಾಡಿ.

ಹಂತ 3: ಹಗಲಲ್ಲಿ ಮನೆ ಓದುವುದು

ಇದಕ್ಕೆ ಅರ್ಧ ದಿನ ಬೇಕು. ಇದನ್ನು ಹಾರಿಸಿದರೆ ಉಳಿದ ಯಾವ ಹಂತಕ್ಕೂ ಬೆಲೆ ಇಲ್ಲ.

ಮೊದಲು ಒಂದು ನಕ್ಷೆ. ಚೆಂದ ಇರಬೇಕಿಲ್ಲ. ಕೋಣೆ, ಬಾಗಿಲು, ಕಿಟಕಿ, ಮೀಟರ್ ಬೋರ್ಡ್, ಫ್ರಿಜ್, ಯುಪಿಎಸ್, ಪೈಪು ಹೋಗುವ ದಾರಿ, ಬಾವಿ, ಹೊರಗಿನ ಟ್ರಾನ್ಸ್‌ಫಾರ್ಮರ್ ಎಲ್ಲ ಗುರುತು ಮಾಡಿ. ದೂರು ಬಂದ ಜಾಗಗಳನ್ನು ಕೆಂಪು ಪೆನ್ನಿನಲ್ಲಿ ಹಾಕಿ. ಎಷ್ಟೋ ಸಲ ಕೆಂಪು ಗುರುತು ಫ್ರಿಜ್ಜಿನ ಗೋಡೆಗೇ ಅಂಟಿಕೊಂಡಿರುತ್ತದೆ.

ಆಮೇಲೆ ಒಂದೊಂದು ದೂರಿಗೂ ಒಂದೊಂದು ಪರೀಕ್ಷೆ.

ಬಾಗಿಲು ತಾನಾಗಿ ತೆರೆಯುತ್ತದಾ? ಮೇಸ್ತ್ರಿಗಳ ರಸಮಟ್ಟ ತಂದು ಚೌಕಟ್ಟಿಗೆ ಹಿಡಿಯಿರಿ. ನೆಲದ ಮೇಲೆ ಒಂದು ಗೋಲಿ ಇಟ್ಟು ಯಾವ ಕಡೆ ಉರುಳುತ್ತದೆ ನೋಡಿ. ಮನೆಯ ಬೇರೆ ಬಾಗಿಲುಗಳನ್ನು ಒಂದೊಂದಾಗಿ ಜೋರಾಗಿ ಹಾಕಿ. ಹಿಂದಿನ ಬಾಗಿಲು ಹಾಕಿದಾಗ ಮುಂದಿನದು ಅಲುಗಾಡಿದರೆ ಅದು ಗಾಳಿಯ ಒತ್ತಡ.

ಬಲ್ಬು ಆರಿಸಿದರೂ ಮಿಣುಕುತ್ತದಾ? ಎಲ್‌ಇಡಿ ಬಲ್ಬುಗಳಲ್ಲಿ ಇದು ಮಾಮೂಲು. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ವೈರಿಗೆ ಕೊಟ್ಟಿದ್ದರೆ, ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ದೀಪ ಇದ್ದರೆ ಹೀಗಾಗುತ್ತದೆ. ಮನೆಯ ದೀಪಗಳು ಒಮ್ಮೆ ಪ್ರಖರ, ಒಮ್ಮೆ ಮಂಕು ಆಗುತ್ತಿದ್ದರೆ ನ್ಯೂಟ್ರಲ್ ಲೂಸ್ ಇರಬಹುದು. ಅದು ಬೆಂಕಿ ಹತ್ತಿಸುವ ತೊಂದರೆ. ಎಲೆಕ್ಟ್ರಿಷಿಯನ್ ಕರೆಸಿ, ನೀವು ಕೈ ಹಾಕಬೇಡಿ.

ಪ್ರತಿ ರಾತ್ರಿ ಒಂದೇ ಹೊತ್ತಿಗೆ ಆಗುತ್ತದಾ? ಹಾಗಾದರೆ ಆ ಊರಿನ ವೇಳಾಪಟ್ಟಿ ಹುಡುಕಿ. ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಪಾಳಿ ಮೇಲೆ ಬರುತ್ತದೆ, ಹಲವು ಕಡೆ ರಾತ್ರಿಯೇ. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದ ಕೂಡಲೇ ಬೋರ್‌ವೆಲ್ ಮೋಟಾರುಗಳು ತಾವಾಗಿ ಓಡುತ್ತವೆ. ನೆಲ ಗುಂಯ್‌ಗುಟ್ಟುತ್ತದೆ, ಪೈಪು ಬಡಿದುಕೊಳ್ಳುತ್ತದೆ, ನಿಮ್ಮ ಮೀಟರ್ ಕುಣಿಯುತ್ತದೆ. ಕೊನೆಯ ಬಸ್ಸು, ನಲ್ಲಿಗೆ ನೀರು ಬಿಡುವ ಹೊತ್ತು ಇವನ್ನೂ ಬರೆದುಕೊಳ್ಳಿ.

ಮಾಡು ಸದ್ದು ಮಾಡುತ್ತದಾ? ತಗಡಿನ ಮಾಡು ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ. 6 ಮೀಟರ್ ಉದ್ದದ ಕಬ್ಬಿಣದ ತಗಡು 20 ಡಿಗ್ರಿ ತಣ್ಣಗಾದರೆ ಸುಮಾರು ಒಂದೂವರೆ ಮಿಲಿಮೀಟರ್ ಕುಗ್ಗುತ್ತದೆ. ಮೊಳೆ ಹಿಡಿದುಕೊಂಡಿರುತ್ತದೆ, ಆಮೇಲೆ ಒಮ್ಮೆಲೇ ಬಿಡುತ್ತದೆ. ಢಣ್! ಹಂಚಿನ ಮನೆಯಲ್ಲಿ ಮರದ ಜಂತೆ, ತೊಲೆಗಳು ಟಿಕ್ ಟಿಕ್ ಅನ್ನುತ್ತವೆ. ಈ ಸದ್ದು ಸಂಜೆಯಿಂದ ಶುರುವಾಗಿ ನಡುರಾತ್ರಿ ಹೊತ್ತಿಗೆ ಕಡಿಮೆಯಾಗುತ್ತದೆ. ಬೆಳಗಿನ ಜಾವ 3 ಗಂಟೆಗೆ ಜೋರಾದರೆ ಬೇರೆ ಕಾರಣ ಹುಡುಕಿ.

ಅಟ್ಟದ ಮೇಲೆ ನಡೆಯುತ್ತದಾ? ಅಟ್ಟದ ನೆಲದ ಮೇಲೆ ತೆಳ್ಳಗೆ ರಂಗೋಲಿ ಪುಡಿ ಜರಡಿ ಹಿಡಿಯಿರಿ. ಅಕ್ಕಿ ಹಿಟ್ಟು, ರಾಗಿ ಹಿಟ್ಟು ಬೇಡ. ಇರುವೆ, ಇಲಿ ಊಟಕ್ಕೆ ಬಂದು ಗುರುತನ್ನೆಲ್ಲ ಕೆಡಿಸುತ್ತವೆ. ಹೆಗ್ಗಣ, ಬೆಕ್ಕು, ಪುನುಗು ಯಾವುದೇ ಇರಲಿ, ಹೆಜ್ಜೆ ಬೀಳುತ್ತದೆ. ಬೆಕ್ಕಿನ ಹೆಜ್ಜೆಯಲ್ಲಿ 4 ಬೆರಳು, ಪುನುಗಿನದರಲ್ಲಿ 5.

ಹೊರಗಿನ ದನಿಗಳನ್ನೂ ಕಲಿತುಕೊಳ್ಳಿ. ಕಣಜದ ಗೂಬೆ ಕಿರುಚುವುದು, ಬುಸುಗುಟ್ಟುವುದು ಕೇಳಿದರೆ ಮೈ ಜುಂ ಅನ್ನುತ್ತದೆ. ಬಿಳಿ ಎದೆ, ಸದ್ದಿಲ್ಲದ ಹಾರಾಟ ಬೇರೆ. ಟಿಟ್ಟಿಭ ರಾತ್ರಿಯೂ ಕೂಗುತ್ತದೆ. ನರಿ ಊಳಿಡುವುದು ಪಟ್ಟಣದಲ್ಲಿ ಬೆಳೆದವರಿಗೆ ಮಗು ಅತ್ತ ಹಾಗೆ ಕೇಳಬಹುದು. ಹಕ್ಕಿ ದನಿಗಳ ರೆಕಾರ್ಡಿಂಗ್ ಮೊದಲೇ ಕೇಳಿಕೊಂಡು ಹೋಗಿ.

ಗದ್ದೆಯಲ್ಲಿ ಕೊಳ್ಳಿದೆವ್ವ ಓಡಾಡುತ್ತದೆ ಅಂದರೆ ಮೊದಲು ರಸ್ತೆಯ ತಿರುವು ನೋಡಿ, ಗಾಡಿ ಬೆಳಕು ಎಲ್ಲಿ ಬೀಳುತ್ತದೆ ಅಂತ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗೆ ಹತ್ತುಮೀನು (ಹರಿವಿಗೆ ಎದುರಾಗಿ ಹತ್ತಿ ಬರುವ ಮೀನು) ಹಿಡಿಯಲು ಜನ ಬ್ಯಾಟರಿ ಹಿಡಿದು ಹಳ್ಳ, ಗದ್ದೆಗೆ ಇಳಿಯುತ್ತಾರೆ. ದೂರದಿಂದ ನೋಡಿ, ಹತ್ತಾರು ಕೊಳ್ಳಿದೆವ್ವ!

ಕೊನೆಗೆ ಫ್ಯಾನು. 1998ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿ ತಮ್ಮ ಪ್ರಯೋಗಾಲಯದ ದೆವ್ವದ ಬಗ್ಗೆ ಬರೆದರು. ಅಲ್ಲಿ ಕೂತವರಿಗೆ ಅಂಜಿಕೆ, ಬೆವರು, ಕಣ್ಣಂಚಿನಲ್ಲಿ ಬೂದು ಆಕೃತಿ. ಕತ್ತಿವರಸೆಯ ಕತ್ತಿಯೊಂದನ್ನು ವೈಸಿಗೆ ಕಚ್ಚಿಸಿಟ್ಟಾಗ ಅದು ತಾನಾಗಿ ನಡುಗಿತು. ಹುಡುಕಿದರೆ, ಹೊಸದಾಗಿ ಹಾಕಿದ ಎಗ್ಸಾಸ್ಟ್ ಫ್ಯಾನು ಸುಮಾರು 19 ಹರ್ಟ್ಜ್‌ನ, ಕಿವಿಗೆ ಕೇಳದ ಸದ್ದು ಮಾಡುತ್ತಿತ್ತು. ಅಷ್ಟು ತಗ್ಗಿನ ಸದ್ದಿಗೆ ಫೋನಿನ ಮೈಕನ್ನು ನಂಬಬೇಡಿ. ಅದಕ್ಕಿಂತ ಸುಲಭದ ದಾರಿ ಇದೆ. ಅಂಜಿಕೆ ಬರುತ್ತದೆ ಅನ್ನುವ ಕೋಣೆಯಲ್ಲಿ ಸ್ಟೀಲ್ ತಟ್ಟೆಗೆ ನೀರು ಹಾಕಿಡಿ. ನೀರು ನಡುಗಿದರೆ ಫ್ಯಾನು, ಮೋಟಾರುಗಳನ್ನು ಒಂದೊಂದಾಗಿ ಆರಿಸುತ್ತಾ ಹೋಗಿ.

ರಾತ್ರಿ ಓಡಾಡುವ ದಾರಿಯನ್ನೂ ಹಗಲಲ್ಲೇ ನಡೆದು ನೋಡಿ. ಕಟ್ಟೆ ಇಲ್ಲದ ಹಾಳುಬಾವಿ, ಕೊಳೆತ ಅಟ್ಟದ ಹಲಗೆ, ನೇತಾಡುವ ವೈರು ಇದ್ದರೆ ಅಡ್ಡಲಾಗಿ ಹಗ್ಗ ಕಟ್ಟಿ.

ಹಂತ 4: ಸಾಮಾನು

ಬೇಕೇಬೇಕಾದವು ಸಣ್ಣ ಪಟ್ಟಿ: ನೋಟ್‌ಬುಕ್, ಎರಡು ಟಾರ್ಚ್ (ಒಂದಕ್ಕೆ ಕೆಂಪು ಕಾಗದ ಸುತ್ತಿ), ಎರಡು ವಾಯ್ಸ್ ರೆಕಾರ್ಡರ್, ಸ್ಟ್ಯಾಂಡ್ ಇರುವ ಕ್ಯಾಮೆರಾ, ಗಾಳಿಯ ಉಷ್ಣಾಂಶ ಬರೆದಿಡುವ ಸಣ್ಣ ಯಂತ್ರ, ದಪ್ಪ ಬೂಟು, ಪ್ರಥಮ ಚಿಕಿತ್ಸೆ ಡಬ್ಬ, ಕೈಗಡಿಯಾರ.

ಇಎಂಎಫ್ ಮೀಟರ್ ಬೇಕಾ? ಇದ್ದರೆ ಒಳ್ಳೆಯದು, ಆದರೆ ಅದು ವೈರಿಂಗ್ ಹುಡುಕುವ ಯಂತ್ರ ಅಂತ ನೆನಪಿರಲಿ. ಐದು ದೀಪದ ಕೆ-2 ಮೀಟರ್ ಎಲ್ಲರ ಕೈಯಲ್ಲೂ ಕಾಣುತ್ತದೆ. ಪಕ್ಕದಲ್ಲಿ ಮೊಬೈಲ್ ಕರೆ ಬಂದರೂ ಅದು ಹತ್ತುತ್ತದೆ, ತಿರುಗಿಸಿ ಹಿಡಿದರೆ ಬೇರೆ ತೋರಿಸುತ್ತದೆ. ಅಂಕಿ ತೋರಿಸುವ, ಮೂರು ದಿಕ್ಕಿನಲ್ಲೂ ಅಳೆಯುವ ಮೀಟರ್ ತೆಗೆದುಕೊಳ್ಳಿ. ಹಗಲಲ್ಲಿ ಪ್ರತಿ ಕೋಣೆಯ ನಡುವೆ, ನಾಲ್ಕು ಗೋಡೆಯ ಹತ್ತಿರ ಅಳೆದು ನಕ್ಷೆಯ ಮೇಲೆ ಬರೆಯಿರಿ. ಸಾಮಾನ್ಯವಾಗಿ ಕೋಣೆಯ ನಡುವೆ ಒಂದೆರಡು ಮಿಲಿಗಾಸ್ (ಕಾಂತಕ್ಷೇತ್ರದ ಅಳತೆ) ಇರುತ್ತದೆ, ಮೀಟರ್ ಬೋರ್ಡಿನ ಹತ್ತಿರ ಹತ್ತಾರು. ಈ ಹಗಲಿನ ಅಂಕಿ ಇಲ್ಲದೆ ರಾತ್ರಿಯ ಅಂಕಿಗೆ ಅರ್ಥವೇ ಇಲ್ಲ.

ಗನ್ ಥರ್ಮಾಮೀಟರ್ ಹಿಡಿದು ಗಾಳಿಗೆ ಗುರಿ ಇಡುವವರನ್ನು ನೋಡಿದರೆ ನಗು ಬರುತ್ತದೆ. ಅದು ಗಾಳಿಯನ್ನು ಅಳೆಯುವುದಿಲ್ಲ, ಎದುರಿನ ಗೋಡೆಯನ್ನು ಅಳೆಯುತ್ತದೆ. ಕನ್ನಡಿ, ಸ್ಟೀಲ್ ಪಾತ್ರೆ ಕಡೆ ಹಿಡಿದರೆ ಅದೂ ತಪ್ಪು.

ರೇಡಿಯೋ ಸ್ಟೇಷನ್ನುಗಳನ್ನು ಬೇಗಬೇಗ ಬದಲಿಸುತ್ತಾ ಹೋಗುವ ಸ್ಪಿರಿಟ್ ಬಾಕ್ಸ್, ದೆವ್ವದ ಮಾತು ತೋರಿಸುವ ಫೋನ್ ಆಪ್, ಕಡ್ಡಿ ಮನುಷ್ಯನನ್ನು ಬಿಡಿಸುವ ಕ್ಯಾಮೆರಾ, ಈ ಮೂರನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಮೊದಲನೆಯದರಲ್ಲಿ ಬರುವುದು ಜಾಹೀರಾತಿನ ತುಣುಕು. ಎರಡನೆಯದರಲ್ಲಿ ಮೊದಲೇ ತುಂಬಿಟ್ಟ ಪದಗಳು. ಮೂರನೆಯದು ಕುರ್ಚಿ ಮೇಲೆ ಒಣಗಲು ಹಾಕಿದ ಟವೆಲನ್ನೂ ಮನುಷ್ಯ ಅನ್ನುತ್ತದೆ.

ಲೋಟದ ಮೇಲೆ ಬೆರಳಿಟ್ಟು ಪ್ರೇತ ಕರೆಯುವ ಪ್ಲಾಂಚೆಟ್ಟೂ ಬೇಡ. 1853ರಲ್ಲೇ ಮೈಕಲ್ ಫ್ಯಾರಡೆ, ಪ್ರೇತ ಕರೆಯುವವರ ಮೇಜು ತಿರುಗುವುದು ಸುತ್ತ ಕೂತವರ ಕೈಯಿಂದಲೇ, ಅವರಿಗೇ ಗೊತ್ತಾಗದ ಹಾಗೆ ಅಂತ ತೋರಿಸಿದ್ದರು. ಲೋಟ ಓಡುವುದೂ ಹಾಗೇ.

ಹಂತ 5: ರಾತ್ರಿ

ಮೂರರಿಂದ ಐದು ಜನ ಸಾಕು. ಯಾರೂ ಒಬ್ಬರೇ ಓಡಾಡಬಾರದು. ಕುಡಿದು ಬಂದವರನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಸೆಂಟು, ಊದುಬತ್ತಿ ಬೇಡ, ಆಮೇಲೆ ವಾಸನೆ ಬಂತು ಅಂತ ಬರೆಯಲು ಆಗುವುದಿಲ್ಲ. ಗುಂಪಿನಲ್ಲಿ ಒಬ್ಬರಿಗಾದರೂ ಮನೆಯ ಕಥೆ ಗೊತ್ತಿರಬಾರದು. ಅವರು ಎಲ್ಲಿ ಏನು ಕೇಳಿತು ಅಂತ ಬರೆದದ್ದಕ್ಕೆ ಉಳಿದವರದ್ದಕ್ಕಿಂತ ಜಾಸ್ತಿ ಬೆಲೆ.

ಕ್ರಮ ಹೀಗಿರಲಿ. ಸಂಜೆ ಬೆಳಕಿರುವಾಗಲೇ ತಲುಪಿ. ಎಲ್ಲ ಗಡಿಯಾರ, ಕ್ಯಾಮೆರಾ, ರೆಕಾರ್ಡರಿನ ಹೊತ್ತನ್ನು ಸರಿಹೊಂದಿಸಿ. ಇದನ್ನು ಮರೆತು ಎರಡು ರಾತ್ರಿಯ ಕೆಲಸ ಹಾಳು ಮಾಡಿಕೊಂಡವನು ನಾನು. ಫೋನುಗಳು ಏರೋಪ್ಲೇನ್ ಮೋಡಿಗೆ. ತುರ್ತಿಗೆ ಒಂದು ಫೋನ್ ಮಾತ್ರ ಆನ್ ಇರಲಿ, ಅದೂ ಮೀಟರಿನಿಂದ ದೂರ.

ಒಂದು ರೆಕಾರ್ಡರ್ ದೂರು ಬಂದ ಕೋಣೆಯಲ್ಲಿ, ಇನ್ನೊಂದು ಮನೆಯ ಹೊರಗೆ. ಹೊರಗಿನದರಲ್ಲೂ ಕೇಳಿದ ಸದ್ದು ಹೊರಗಿನದು, ಅಷ್ಟೇ. ಸದ್ದನ್ನು ಕುಗ್ಗಿಸದೆ ಇಡುವ ಡಬ್ಲ್ಯುಎವಿ (WAV) ಫೈಲಾಗಿ ರೆಕಾರ್ಡ್ ಮಾಡಿ. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 600 ಎಂಬಿ ಬೇಕು, ಕಾರ್ಡಿನಲ್ಲಿ ಜಾಗ ನೋಡಿಕೊಳ್ಳಿ. ಸದ್ದನ್ನು ತಾನಾಗಿ ಏರಿಸಿ ಇಳಿಸುವ ಸೌಲಭ್ಯ ಆಫ್ ಮಾಡಿ. ಇಲ್ಲದಿದ್ದರೆ ಮೌನದಲ್ಲಿ ಅದು ಯಂತ್ರದ ಗೊರಗೊರವನ್ನೇ ಎತ್ತಿ ಕೊಡುತ್ತದೆ.

ದೀಪ ಆರಿಸಿ 20ರಿಂದ 30 ನಿಮಿಷ ಸುಮ್ಮನೆ ಕೂರಿ. ಕಣ್ಣು ಕತ್ತಲಿಗೆ ಹೊಂದಲು ಅಷ್ಟು ಹೊತ್ತು ಬೇಕು. ಆ ನಡುವೆ ಯಾರಾದರೂ ಫೋನ್ ತೆರೆದರೆ ಮತ್ತೆ ಮೊದಲಿನಿಂದ. ಕತ್ತಲಲ್ಲಿ ಒಂದೇ ಒಂದು ಸಣ್ಣ ಬೆಳಕನ್ನು ದಿಟ್ಟಿಸಿ ನೋಡಬೇಡಿ, ಚಾರ್ಜರಿನ ಕೆಂಪು ಚುಕ್ಕಿಯೂ ಅಲೆದಾಡಿದ ಹಾಗೆ ಕಾಣುತ್ತದೆ. ಅದು ಕಣ್ಣಿನ ಆಟ.

ಅರ್ಧ ಗಂಟೆ ಕೂರುವುದು, ಹತ್ತು ನಿಮಿಷ ಹೊರಗೆ ಬಿಡುವು, ಮತ್ತೆ ಕೂರುವುದು. ಇಷ್ಟೇ. ಬೇಜಾರಿನ ಕೆಲಸ, ಒಪ್ಪುತ್ತೇನೆ.

ಇಲ್ಲಿ ಎಲ್ಲರೂ ಎಡವುವ ಜಾಗ ಪಿಸುಮಾತು. ಪಿಸುಗುಡಬೇಡಿ! ಮಾತಾಡುವುದಾದರೆ ಮಾಮೂಲಿ ದನಿಯಲ್ಲಿ ಆಡಿ. ಮೂರು ದಿನ ಬಿಟ್ಟು ಕೇಳುವಾಗ ನಿಮ್ಮದೇ ಪಿಸುಮಾತು ದೆವ್ವದ್ದಾಗಿರುತ್ತದೆ. ಸದ್ದು ಯಾವುದಾದರೂ ಆಗಲಿ, ಆ ಕ್ಷಣವೇ ಜೋರಾಗಿ ಹೇಳಿ: "ನನ್ನ ಹೊಟ್ಟೆ," "ಬೈಕ್ ಹೋಯ್ತು," "ಕುರ್ಚಿ ಕಿರುಗುಟ್ಟಿತು." ನಾಚಿಕೆ ಪಟ್ಟುಕೊಂಡರೆ ನಾಳೆ ನಿಮಗೇ ಕಷ್ಟ.

ಏನಾದರೂ ಆಯಿತು ಅನ್ನಿ. ಓಡಬೇಡಿ. ಹೊತ್ತು ಬರೆಯಿರಿ. ಒಬ್ಬರಿಗೊಬ್ಬರು ಮಾತಾಡದೆ, ಏನು ಕೇಳಿತು, ಯಾವ ಕಡೆಯಿಂದ ಅಂತ ಎಲ್ಲರೂ ಬೇರೆಬೇರೆ ಬರೆಯಿರಿ. ಆಮೇಲೆ ಅದೇ ಸದ್ದನ್ನು ನೀವೇ ಮಾಡಲು ಪ್ರಯತ್ನಿಸಿ. ಬಾಗಿಲು ನೂಕಿ, ಹಲಗೆ ತುಳಿಯಿರಿ, ನಲ್ಲಿ ಬಿಡಿ.

ಫೋಟೋ ತೆಗೆಯುವವರಿಗೆ ಎರಡು ಮಾತು. ಫ್ಲ್ಯಾಶ್ ಹಾಕಿದರೆ ಲೆನ್ಸಿನ ಹತ್ತಿರದ ಧೂಳು, ಮಂಜಿನ ಹನಿ ಬಿಳಿ ಗೋಲಗಳಾಗಿ ಬೀಳುತ್ತವೆ. ಅವು ಆತ್ಮಗಳಲ್ಲ. ಫೋನಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುತ್ತದೆ. ಆ ನಡುವೆ ನಿಮ್ಮ ಗೆಳೆಯ ಒಂದು ಹೆಜ್ಜೆ ಇಟ್ಟರೆ ಅರೆಪಾರದರ್ಶಕ ಆಕೃತಿ ರೆಡಿ. ತನಿಖೆಯಲ್ಲಿ ಎರಡನ್ನೂ ಬಳಸಬೇಡಿ.

ಕೂಡಲೇ ಹೊರಬರಬೇಕಾದ ಸಂದರ್ಭಗಳು: ಗ್ಯಾಸ್ ವಾಸನೆ, ಸುಟ್ಟ ವೈರಿನ ವಾಸನೆ, ತಲೆಸುತ್ತು, ಮೇಲಿಂದ ಮಣ್ಣು ಉದುರುವುದು, ಒಳಗೆ ಅಪರಿಚಿತರು ಇರುವ ಗುರುತು. ಹೊಸ ಸಿಗರೇಟಿನ ತುಂಡು, ಬೆಚ್ಚಗಿನ ಬೂದಿ ಕಂಡರೆ ನಾನು ಒಂದು ನಿಮಿಷವೂ ನಿಲ್ಲುವುದಿಲ್ಲ. ದೆವ್ವಕ್ಕಿಂತ ಮನುಷ್ಯರ ಭಯ ಜಾಸ್ತಿ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಮಾಡಬೇಡಿ. ಅಲುಗಾಡದೆ ಕೂರಿಸಿ 108ಕ್ಕೆ ಕರೆ ಮಾಡಿ. ಕಟ್ಟುಹಾವು ರಾತ್ರಿ ತಿರುಗುವ ಹಾವು, ಕಚ್ಚಿದ್ದು ನೋಯದೆಯೂ ಇರಬಹುದು. ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಕರೆದೊಯ್ಯಿರಿ.

ಹಂತ 6: ಫೈಲು ಕೇಳುವುದು

ಅದೇ ರಾತ್ರಿ ಕೇಳಬೇಡಿ. ನಿದ್ದೆಗೆಟ್ಟ ಕಿವಿಗೆ ಎಲ್ಲವೂ ಮಾತಾಗಿ ಕೇಳುತ್ತದೆ. ಎರಡು ದಿನ ಬಿಟ್ಟು, ಹೆಡ್‌ಫೋನ್ ಹಾಕಿ, ಪೂರ್ತಿ ಕೇಳಿ. ಆರು ಗಂಟೆ ರೆಕಾರ್ಡ್ ಮಾಡಿದ್ದರೆ ಆರು ಗಂಟೆ. ಅಡ್ಡದಾರಿ ಇಲ್ಲ.

ವಿಚಿತ್ರ ಅನ್ನಿಸಿದ ತುಣುಕನ್ನು ಕತ್ತರಿಸಿ, ಕಥೆ ಗೊತ್ತಿಲ್ಲದ ಮೂವರಿಗೆ ಕಳಿಸಿ. "ಇದರಲ್ಲಿ ಏನು ಕೇಳುತ್ತೆ, ಬರೆದು ಕಳಿಸಿ" ಅಂತ ಮಾತ್ರ ಹೇಳಿ. "ದೆವ್ವ 'ಹೋಗು' ಅಂದಿದ್ದು ಕೇಳ್ತಾ?" ಅಂದರೆ ಮೂವರಿಗೂ 'ಹೋಗು' ಅಂತಲೇ ಕೇಳುತ್ತದೆ. ಒಂದು ತುಣುಕಿನಲ್ಲಿ ನನಗೆ ಸ್ಪಷ್ಟವಾಗಿ "ಬೇಡ" ಅಂತ ಕೇಳಿತ್ತು. ಎರಡು ದಿನ ಮೈ ಬೆಚ್ಚಗಿತ್ತು. ತೆಲುಗು ಗೆಳೆಯ ಕೇಳಿ "ಪೇಡ ಅಂತಿದೆಯಲ್ಲೋ" ಅಂದ. ಅವರ ಭಾಷೆಯಲ್ಲಿ ಪೇಡ ಅಂದರೆ ಸಗಣಿ. ಆಮೇಲೆ ಹೊರಗಿನ ರೆಕಾರ್ಡರ್ ಕೇಳಿದರೆ ಬಾವಿಯ ರಾಟೆ ಗಾಳಿಗೆ ತಿರುಗಿದ ಸದ್ದು.

ಸದ್ದು ಸ್ವಚ್ಛ ಮಾಡುವ ಸಾಫ್ಟ್‌ವೇರಿನ ಮೋಹ ಬೇಡ. ಗೊರಗೊರವನ್ನು ಜಾಸ್ತಿ ಕತ್ತರಿಸಿದರೆ ಉಳಿದದ್ದು ನೀರಿನಡಿಯ ಮಾತಿನ ಹಾಗೆ ಗುಳುಗುಳು ಅನ್ನುತ್ತದೆ. ಮೂಲ ಫೈಲನ್ನು ಮುಟ್ಟದೆ ಇಡಿ, ಪ್ರತಿಯ ಮೇಲೆ ಕೆಲಸ ಮಾಡಿ.

ಲೆಕ್ಕ ಹಾಕುವಾಗ ಖಾಲಿ ಹೊತ್ತನ್ನೂ ಸೇರಿಸಿ. ಯಾರಿಗೋ ಚಳಿ ಅನ್ನಿಸಿದಾಗ ಮೀಟರ್ ಏರಿತು ಅನ್ನುತ್ತೀರಿ. ಸರಿ, ಯಾರಿಗೂ ಏನೂ ಅನ್ನಿಸದಾಗ ಅದು ಎಷ್ಟು ಸಲ ಏರಿತ್ತು? ಈ ಎರಡನೇ ಅಂಕಿಯನ್ನು ಬರೆದವರನ್ನು ನಾನು ಇನ್ನೂ ಕಾಯುತ್ತಿದ್ದೇನೆ.

ಹಂತ 7: ಮನೆಯವರಿಗೆ ಹೇಳುವುದು

ಮೂರು ಕಾಲಂ ಸಾಕು: ದೂರು, ನಾವು ಕಂಡದ್ದು, ಕಾರಣ ಗೊತ್ತಾಯಿತೋ ಇಲ್ಲವೋ. ಗೊತ್ತಾಗದಿದ್ದರೆ "ಗೊತ್ತಾಗಲಿಲ್ಲ" ಅಂತ ಬರೆಯಿರಿ. ಅದರ ಅರ್ಥ ದೆವ್ವ ಇದೆ ಅಂತ ಅಲ್ಲ, ಇಲ್ಲ ಅಂತಲೂ ಅಲ್ಲ. ಅಲ್ಲಿ ಜನ ಮಲಗಿ ಏಳಬೇಕು. "ನಿಮ್ಮ ಮನೆಯಲ್ಲಿ ಏನೋ ಇದೆ" ಅಂತ ಅರ್ಧ ಮಾತು ಹೇಳಿ ಹೊರಟರೆ ಆ ಮನೆಗೆ ಬಾಡಿಗೆಗೆ ಯಾರೂ ಬರುವುದಿಲ್ಲ, ಸೊಸೆಯ ಮೇಲೋ ಮಗುವಿನ ಮೇಲೋ ಅಪವಾದ ಬರುತ್ತದೆ. ದುಡ್ಡು ತೆಗೆದುಕೊಳ್ಳಬೇಡಿ. ಅವರನ್ನು ಕೇಳದೆ ವಿಡಿಯೋ ಹಾಕಬೇಡಿ, ಒಪ್ಪಿದರೂ ಊರು, ಮನೆ ಗುರುತು ಸಿಗದ ಹಾಗೆ ಹಾಕಿ.

ತೀರ್ಥಹಳ್ಳಿ ಮನೆಯ ಹಾಳೆಯಲ್ಲಿ ಮೂರು ಸಾಲು ಇತ್ತು. ಅಟ್ಟದ ಹೆಜ್ಜೆ: ರಂಗೋಲಿ ಪುಡಿಯ ಮೇಲೆ ಐದು ಬೆರಳಿನ ಗುರುತು, ಪುನುಗು ಬೆಕ್ಕು. ಅನ್ನದ ಪರಿಮಳ: ಅದೂ ಪುನುಗಿನದೇ. ಅದರ ಮೈಯಿಂದ ಬರುವ ವಾಸನೆ ಪರಿಮಳದ ಅಕ್ಕಿ ಬೇಯಿಸಿದ ಹಾಗೇ ಇರುತ್ತದೆ. ಹಿತ್ತಲ ಬಾಗಿಲು ಎರಡು ಸಲ ತಟ್ಟಿದ ಸದ್ದು, 2 ಗಂಟೆ 10 ನಿಮಿಷಕ್ಕೆ: ಗೊತ್ತಾಗಲಿಲ್ಲ.

ಪುನುಗಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವ ಹಾಗಿಲ್ಲ, ಕೊಲ್ಲುವ ಹಾಗಿಲ್ಲ. ಮರಿ ಇಲ್ಲ ಅಂತ ನೋಡಿಕೊಂಡು, ಅದು ಹೊರಗೆ ಹೋದ ಹೊತ್ತಿನಲ್ಲಿ ಒಡೆದ ಹಂಚು ಬದಲಿಸಿ ಅಂತ ಮಗನಿಗೆ ಹೇಳಿದೆವು. ಅಜ್ಜಿ ಕಾಫಿ ಲೋಟ ಇಡುತ್ತಾ, "ಆ ಮೂಲೆಯ ಹಂಚು ಒಂದು ಹಾಗೇ ಇರಲಿ ಬಿಡೋ" ಅಂದರು.